ಎದ್ವಾರ್ ಬೆನೆಡಿಕ್ಟಸ್

ಎದ್ವಾರ್ ಬೆನೆಡಿಕ್ಟಸ್ (29 ಜೂನ್ 1878 – 28 ಜನವರಿ 1930) ಫ್ರಾನ್ಸ್ ದೇಶದ ಚಿತ್ರಕಲಾವಿದ, ಅಲಂಕರಣ ವಿನ್ಯಾಸಕಾರ, ಸಂಗೀತ ರಚನಕಾರ ಹಾಗೂ ರಸಾಯನಜ್ಞ. ಒಡೆದರೂ ಚೂರುಗಳಾಗಿ ಸಿಡಿಯದ ಪದರಗಾಜನ್ನು, ಅಂದರೆ ಲ್ಯಾಮಿನೇಟೆಡ್ ಗಾಜನ್ನು, ಬಳಕೆಗೆ ತಂದವರೆಂದು ಇವರನ್ನು ಸ್ಮರಿಸಲಾಗುತ್ತದೆ. ಇಂದು ಕಾರು, ಬಸ್ಸು, ಲಾರಿಗಳ ಚಾಲಕನ ಮುಂದೆ ಇರುವ ವಿಂಡ್‌ಶೀಲ್ಡ್ ಅಥವಾ ಮುಂಗಾಜು ಇವರು ಟ್ರಿಪ್ಲೆಕ್ಸ್ ಎಂಬ ಹೆಸರಿನಲ್ಲಿ ತಯಾರಿಸಿದ ಗಾಜಿನ ಸುಧಾರಿತ ರೂಪವಾಗಿದೆ. ಸರಕು ಸಾಗಣೆ ವಾಹನಗಳ ಮುಂಗಾಜಿನಲ್ಲಿ ಎಷ್ಟು ಬಿರುಕನ್ನು ಸಹಿಸಬಹುದು, ಎಷ್ಟನ್ನು ಸಹಿಸಬಾರದು ಎಂದು ಹೇಳುವ ಇಂದಿನ ನಿಯಮಗಳು ಅರ್ಥಪೂರ್ಣವಾಗುವುದು ಈ ಗಾಜಿನ ಗುಣದಿಂದಲೇ. ಕಲಾ ಇತಿಹಾಸದಲ್ಲಿ ಇವರು ಆರ್ಟ್ ಡೆಕೋ ಶೈಲಿಯ ಪ್ರಮುಖ ವಿನ್ಯಾಸಕಾರರಲ್ಲಿ ಒಬ್ಬರೆಂದು ಪರಿಗಣಿತರಾಗಿದ್ದಾರೆ. ಗಾಜಿನ ಚರಿತ್ರೆ ಓದುವವರಿಗೆ ಇವರ ಕಲೆಯೂ, ಕಲೆಯ ಚರಿತ್ರೆ ಓದುವವರಿಗೆ ಇವರ ಗಾಜೂ ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಆರಂಭಿಕ ಜೀವನ

ಬೆನೆಡಿಕ್ಟಸ್ ಪ್ಯಾರಿಸ್ ನಗರದಲ್ಲಿ ಜನಿಸಿದರು. ಹದಿನೇಳನೆಯ ಶತಮಾನದ ಡಚ್ ತತ್ತ್ವಜ್ಞಾನಿ ಸ್ಪಿನೋಜಾರ ವಂಶಕ್ಕೆ ಇವರ ಮನೆತನ ಸಂಬಂಧಿಸಿತ್ತೆಂಬ ಮಾತು ಇವರ ಜೀವನ ಚರಿತ್ರೆಗಳಲ್ಲಿ ಬರುತ್ತದೆ. ಸ್ಪಿನೋಜಾ ಮಸೂರಗಳಿಗಾಗಿ ಗಾಜನ್ನು ಉಜ್ಜಿ ಜೀವನ ಸಾಗಿಸಿದವರಾದ್ದರಿಂದ ಈ ಸಂಬಂಧವನ್ನು ಬರಹಗಾರರು ಕುತೂಹಲದಿಂದ ಉಲ್ಲೇಖಿಸುವುದುಂಟು. ಅದನ್ನು ಕಾಕತಾಳೀಯಕ್ಕಿಂತ ಹೆಚ್ಚಾಗಿ ಎಣಿಸಬೇಕಾದ ಅಗತ್ಯವಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಯಾರಿಸ್‌ನಲ್ಲಿ ಆರ್ಟ್ ನೂವೋ ಶೈಲಿ ಪ್ರಬಲವಾಗಿತ್ತು. ಬಳ್ಳಿ, ಹೂವು, ಎಲೆಗಳ ಬಾಗು ರೇಖೆಗಳನ್ನು ಮನೆಯ ಬಾಗಿಲಿನಿಂದ ಪುಸ್ತಕದ ರಟ್ಟಿನವರೆಗೆ ಎಲ್ಲ ಕಡೆಯೂ ಅಳವಡಿಸುತ್ತಿದ್ದ ಕಾಲವದು. ಬೆನೆಡಿಕ್ಟಸ್ ತೊಗಲಿನ ಮೇಲೆ ಚಿತ್ತಾರ ಕೆತ್ತಿ ಬಣ್ಣ ಕೊಡುವ ಕೆಲಸದಲ್ಲಿ ಮತ್ತು ಕಲಾತ್ಮಕ ಪುಸ್ತಕ ಹೊದಿಕೆಗಳಲ್ಲಿ ಹೆಸರು ಪಡೆದರು. ತೊಗಲನ್ನು ಹದಗೊಳಿಸುವುದು, ಬಣ್ಣಗಳನ್ನು ಬೆರೆಸುವುದು, ಅಂಟು ಮತ್ತು ಮೆರುಗುಗಳನ್ನು ಸಿದ್ಧಪಡಿಸುವುದು ಇವೆಲ್ಲ ರಸಾಯನ ವಿದ್ಯೆಗೆ ಹತ್ತಿರವಾದ ಕಸುಬುಗಳು. ಕಲಾವಿದನೊಬ್ಬ ಪ್ರಯೋಗಶಾಲೆಯನ್ನು ಇಟ್ಟುಕೊಂಡಿದ್ದನೆಂಬುದು ಇಂದಿನ ಓದುಗರಿಗೆ ವಿಚಿತ್ರವಾಗಿ ಕಂಡರೂ ಆ ಕಾಲದ ಅಲಂಕರಣ ಕಲೆಯ ಮಟ್ಟಿಗೆ ಅದು ಸಹಜವೇ ಆಗಿತ್ತು.

ಸಂಗೀತದಲ್ಲಿಯೂ ಬೆನೆಡಿಕ್ಟಸ್ ಅವರಿಗೆ ಆಳವಾದ ಆಸಕ್ತಿಯಿತ್ತು. 1900ರ ನಂತರದ ಕೆಲವು ವರ್ಷಗಳಲ್ಲಿ ಪ್ಯಾರಿಸ್‌ನಲ್ಲಿ ರೂಪುಗೊಂಡ ಅಪಾಶ್ ಎಂಬ ಗೆಳೆಯರ ಬಳಗಕ್ಕೆ ಇವರು ಸೇರಿದ್ದರು. ಸಂಗೀತ ರಚನಕಾರ ಮೊರಿಸ್ ರವೆಲ್, ಪಿಯಾನೋ ವಾದಕ ರಿಕಾರ್ಡೊ ವಿನ್ಯೆಸ್, ಕವಿ ಲೆಯೊನ್ ಪೊಲ್ ಫಾರ್ಗ್, ಚಿತ್ರಕಾರ ಪೊಲ್ ಸೋರ್ದ್ ಮೊದಲಾದವರು ಈ ಬಳಗದಲ್ಲಿದ್ದರು. ಅಪಾಶ್ ಎಂಬುದು ಅಂದಿನ ಪ್ಯಾರಿಸ್‌ನಲ್ಲಿ ಬೀದಿಯ ಪುಂಡರಿಗೆ ಇದ್ದ ಹೆಸರು. ಸಂಪ್ರದಾಯಸ್ಥರು ಒಪ್ಪದ ಹೊಸ ಸಂಗೀತವನ್ನು, ಅದರಲ್ಲೂ 1902ರಲ್ಲಿ ರಂಗಕ್ಕೆ ಬಂದ ದೆಬ್ಯುಸಿಯ ಪೆಲೆಯಾಸ್ ಎ ಮೆಲಿಸಾಂದ್ ಗೀತನಾಟಕವನ್ನು, ಬಳಗದವರು ಹುರುಪಿನಿಂದ ಬೆಂಬಲಿಸಿದ್ದರು.

ಚೆದುರದ ಕುಪ್ಪಿ

ಪದರಗಾಜಿನ ಕಥೆ ಸಾಮಾನ್ಯವಾಗಿ 1903ರ ಒಂದು ಆಕಸ್ಮಿಕದಿಂದ ಆರಂಭವಾಗುತ್ತದೆ. ಬೆನೆಡಿಕ್ಟಸ್ ಪ್ರಯೋಗಶಾಲೆಯಲ್ಲಿ ಏಣಿಯ ಮೇಲೆ ನಿಂತು ಎತ್ತರದ ಕಪಾಟಿನಿಂದ ಏನನ್ನೋ ತೆಗೆಯುತ್ತಿದ್ದಾಗ ಗಾಜಿನ ಕುಪ್ಪಿಯೊಂದು ಕೈತಾಗಿ ನೆಲಕ್ಕೆ ಬಿದ್ದಿತು. ಕುಪ್ಪಿಗೆ ಮೈತುಂಬ ಬಿರುಕು ಬಿಟ್ಟಿತ್ತು. ಆದರೆ ಅದರ ಆಕಾರ ಹಾಗೆಯೇ ಉಳಿದಿತ್ತು. ಚೂರುಗಳು ಒಂದನ್ನೊಂದು ಬಿಡದೆ ಅಂಟಿಕೊಂಡಿದ್ದವು. ಆ ಕುಪ್ಪಿಯಲ್ಲಿ ಹಿಂದೊಮ್ಮೆ ಸೆಲ್ಯುಲೋಸ್ ನೈಟ್ರೇಟ್ ದ್ರಾವಣವನ್ನು ಇಡಲಾಗಿತ್ತು. ದ್ರವಭಾಗ ಆವಿಯಾಗಿ, ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ಉಳಿದುಕೊಂಡಿತ್ತು.

ಸೆಲ್ಯುಲೋಸ್ ನೈಟ್ರೇಟ್ ಆಗ ಅಪರೂಪದ ವಸ್ತುವೇನೂ ಆಗಿರಲಿಲ್ಲ. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆಯುವ ಈ ಪದಾರ್ಥವನ್ನು ಈಥರ್ ಮತ್ತು ಆಲ್ಕೋಹಾಲ್ ಮಿಶ್ರಣದಲ್ಲಿ ಕರಗಿಸಿದರೆ ಕೊಲೋಡಿಯನ್ ದೊರೆಯುತ್ತದೆ. ಛಾಯಾಗ್ರಹಣದ ಗಾಜಿನ ಫಲಕಗಳಿಗೂ ಗಾಯದ ಮೇಲೆ ಲೇಪಿಸಲೂ ಅದನ್ನು ಹಲವು ದಶಕಗಳಿಂದ ಬಳಸಲಾಗುತ್ತಿತ್ತು. ಕರ್ಪೂರ ಬೆರೆಸಿದ ಸೆಲ್ಯುಲೋಸ್ ನೈಟ್ರೇಟೇ ಸೆಲ್ಯುಲಾಯ್ಡ್.

ಬೆನೆಡಿಕ್ಟಸ್ ಆ ಕುಪ್ಪಿಯನ್ನು ಎಸೆಯಲಿಲ್ಲ. ಅದು ಹೇಗೆ ಬಿದ್ದಿತೆಂಬ ಟಿಪ್ಪಣಿಯನ್ನು ಅಂಟಿಸಿ ಎತ್ತಿಟ್ಟರೆಂದು ಹೇಳಲಾಗುತ್ತದೆ. ಅಷ್ಟಕ್ಕೇ ಆ ವಿಷಯ ಅಂದು ಮುಗಿಯಿತು. ಮುಂದೆ ಪ್ಯಾರಿಸ್‌ನಲ್ಲಿ ನಡೆದ ಕಾರು ಅಪಘಾತಗಳಲ್ಲಿ ಜನರು ಒಡೆದ ಗಾಜಿನಿಂದ ತೀವ್ರವಾಗಿ ಗಾಯಗೊಂಡ ಸುದ್ದಿ ತಿಳಿದಾಗ ಇವರಿಗೆ ಆ ಕುಪ್ಪಿ ನೆನಪಾಯಿತು. ಕೂಡಲೇ ಪ್ರಯೋಗಶಾಲೆಗೆ ಹೋಗಿ, ಕಚೇರಿಗಳಲ್ಲಿ ಪತ್ರಗಳ ಪ್ರತಿ ತೆಗೆಯಲು ಬಳಸುತ್ತಿದ್ದ ಒತ್ತುಯಂತ್ರದ ನೆರವಿನಿಂದ ಗಾಜಿನ ಎರಡು ಹಾಳೆಗಳ ನಡುವೆ ಪೊರೆಯನ್ನಿಟ್ಟು ಅದುಮಿ ಮೊದಲ ಪದರಗಾಜನ್ನು ಸಿದ್ಧಪಡಿಸಿದರು. ಈ ವಿವರಗಳಿಗೆ ಮುಖ್ಯ ಆಧಾರ ಬೆನೆಡಿಕ್ಟಸ್ ಅವರದೇ ನಿರೂಪಣೆ.

ಶಾಲಾ ಪುಸ್ತಕಗಳಲ್ಲಿ ಮತ್ತು ಆಕಸ್ಮಿಕ ಆವಿಷ್ಕಾರಗಳ ಸಂಕಲನಗಳಲ್ಲಿ ಕುಪ್ಪಿ ಬಿದ್ದದ್ದು, ಗಾಜು ಹುಟ್ಟಿದ್ದು ಎರಡೂ ಒಂದೇ ಗಳಿಗೆಯ ಘಟನೆಗಳೆಂಬಂತೆ ಹೇಳುವ ವಾಡಿಕೆಯಿದೆ. ಅದು ಸರಿಯಲ್ಲ. ಇವರು ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ್ದು 1909ರಲ್ಲಿ. ಕುಪ್ಪಿ ಬಿದ್ದ 1903ಕ್ಕೂ ಅದಕ್ಕೂ ನಡುವೆ ಆರು ವರ್ಷಗಳ ಅಂತರವಿದೆ. ಅಷ್ಟರಲ್ಲಿ ರಸ್ತೆಗಳಲ್ಲಿ ಮೋಟಾರು ವಾಹನಗಳ ಸಂಖ್ಯೆ ಬೆಳೆದಿತ್ತು. ಒಡೆಯದ ಗಾಜಿನ ಅಗತ್ಯವೂ ಆಗಲೇ ಎದ್ದುಕಂಡಿತು.

ಮುಂಗಾಜಿನ ಅಪಾಯ

ಮೊದಮೊದಲ ಮೋಟಾರು ವಾಹನಗಳಿಗೆ ಮುಂಗಾಜೇ ಇರಲಿಲ್ಲ. ಚಾಲಕರು ಕಣ್ಣಿಗೆ ಕನ್ನಡಕ ಧರಿಸಿ ಗಾಳಿ, ದೂಳು, ಮಳೆಯನ್ನು ಎದುರಿಸುತ್ತಿದ್ದರು. ವೇಗ ಹೆಚ್ಚಿದಂತೆ ಮುಂದೆ ಗಾಜನ್ನು ನಿಲ್ಲಿಸುವ ಪದ್ಧತಿ ಬಂದಿತು. ಸರಕು ಸಾಗಿಸುವ ಲಾರಿಗಳ ಚಾಲಕರಿಗೆ ಈ ಸೌಕರ್ಯ ಇನ್ನೂ ತಡವಾಗಿ ದೊರೆಯಿತು. ಅನೇಕ ಲಾರಿಗಳು ಬಹುಕಾಲ ತೆರೆದ ಮುಂಭಾಗದೊಂದಿಗೇ ಓಡುತ್ತಿದ್ದವು.

ಹಾಗೆ ಬಂದ ಗಾಜು ಮನೆಯ ಕಿಟಕಿಯ ಗಾಜೇ ಆಗಿತ್ತು. ಗಾಜು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಮೇಲ್ಮೈಯಲ್ಲಿರುವ ಸಣ್ಣ ಗೀರೊಂದು ಎಳೆತಕ್ಕೆ ಸಿಕ್ಕಿದರೆ ಬಿರುಕು ಕ್ಷಣಾರ್ಧದಲ್ಲಿ ಅಂಚಿನವರೆಗೆ ಓಡುತ್ತದೆ. ಸಾಧಾರಣ ಗಾಜು ಒಡೆದಾಗ ಚೂರಿಯಂತಹ ಉದ್ದನೆಯ ಹೋಳುಗಳಾಗುತ್ತದೆ. ಗಾಳಿಯಿಂದ ಕಾಪಾಡಲೆಂದು ಇಟ್ಟ ಗಾಜು ಅಪಘಾತದ ಹೊತ್ತಿನಲ್ಲಿ ಚಾಲಕನ ಮುಖ, ಕಣ್ಣು, ಕೊರಳಿಗೆ ಅಪಾಯಕಾರಿಯಾಗುತ್ತಿತ್ತು. ಅಪಘಾತವೇ ಆಗಬೇಕೆಂದೂ ಇರಲಿಲ್ಲ. ಮುಂದಿನ ಗಾಡಿಯ ಚಕ್ರದಿಂದ ಚಿಮ್ಮಿದ ಕಲ್ಲೊಂದು ಸಾಕಾಗುತ್ತಿತ್ತು.

ಟ್ರಿಪ್ಲೆಕ್ಸ್

ಬೆನೆಡಿಕ್ಟಸ್ ರೂಪಿಸಿದ ವಿಧಾನ ತತ್ತ್ವದಲ್ಲಿ ಸರಳವಾದುದು. ಗಾಜಿನ ಎರಡು ಹಾಳೆಗಳ ನಡುವೆ ಸೆಲ್ಯುಲಾಯ್ಡ್ ಹಾಳೆಯೊಂದನ್ನು ಇಟ್ಟು, ಜೆಲಾಟಿನ್ ಅಂಟಿನಿಂದ ಕೂಡಿಸಿ, ಶಾಖ ಮತ್ತು ಒತ್ತಡ ಕೊಟ್ಟು ಒಂದಾಗಿಸುವುದು. ಹೋಳಿಗೆಯಲ್ಲಿ ಹೂರಣ ಇರುವಂತೆ ಮೆದು ಪದರ ನಡುವೆ ಇರುತ್ತದೆ. ಮೂರು ಪದರಗಳಿರುವ ಕಾರಣ ಇದಕ್ಕೆ ಟ್ರಿಪ್ಲೆಕ್ಸ್ ಎಂಬ ಹೆಸರು ಬಂದಿತು. ಪೆಟ್ಟು ಬಿದ್ದಾಗ ಗಾಜು ಒಡೆಯುವುದನ್ನು ಈ ವಿಧಾನ ತಪ್ಪಿಸುವುದಿಲ್ಲ. ಒಡೆದ ಚೂರುಗಳನ್ನು ನಡುವಿನ ಪದರ ಹಿಡಿದಿಡುತ್ತದೆ, ಹೊಡೆತದ ಶಕ್ತಿಯ ಒಂದು ಪಾಲನ್ನು ತಾನು ಹಿಗ್ಗಿ ಹೀರಿಕೊಳ್ಳುತ್ತದೆ. ಗಾಜು ಒಡೆಯದಂತೆ ಮಾಡಲು ಹೊರಟವರು ಹಲವರಿದ್ದರು. ಬೆನೆಡಿಕ್ಟಸ್ ಒಡೆಯುವಿಕೆಯನ್ನು ಒಪ್ಪಿಕೊಂಡು ಅದರ ಪರಿಣಾಮವನ್ನು ತಡೆದರು.

ಈ ಆವಿಷ್ಕಾರದ ಮೊದಲ ಹಕ್ಕು ಯಾರದೆಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಗಾಜಿನ ವಸ್ತುಗಳಿಗೆ ಸೆಲ್ಯುಲಾಯ್ಡ್ ಲೇಪಿಸುವ ಕುರಿತು ಫ್ರಾನ್ಸ್‌ನ ಲ ಕಾರ್ಬೋನ್ ಕಂಪನಿ 1902ರಲ್ಲೇ ಪೇಟೆಂಟ್ ಪಡೆದಿತ್ತು. ಇಂಗ್ಲೆಂಡಿನ ಜಾನ್ ಕ್ರೂ ವುಡ್ 1905ರಲ್ಲಿ ಕೆನಡಾ ಬಾಲ್ಸಮ್ ಎಂಬ ಮರದ ಅಂಟನ್ನು ಬಳಸಿ ಪದರಗಾಜನ್ನು ತಯಾರಿಸುವ ಪೇಟೆಂಟ್ ಪಡೆದರು. ಅದು ವಾಣಿಜ್ಯ ದೃಷ್ಟಿಯಿಂದ ಯಶಸ್ವಿಯಾಗಲಿಲ್ಲ. ಆದ್ದರಿಂದ ಬೆನೆಡಿಕ್ಟಸ್ ಅವರನ್ನು ಈ ಕಲ್ಪನೆಯ ಏಕೈಕ ಜನಕ ಎನ್ನುವುದಕ್ಕಿಂತ, ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರಬಹುದಾದ ಸರಕನ್ನಾಗಿ ಮಾಡಿದವರು ಎನ್ನುವುದು ಹೆಚ್ಚು ನ್ಯಾಯವಾದ ಮಾತು.

1911ರಲ್ಲಿ ಬೆನೆಡಿಕ್ಟಸ್ ಟ್ರಿಪ್ಲೆಕ್ಸ್ ಗಾಜಿನ ತಯಾರಿಕೆಗಾಗಿ ಕಂಪನಿಯೊಂದನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿನಲ್ಲಿಯೂ ಅದೇ ಹೆಸರಿನ ಕಂಪನಿ ಆರಂಭವಾಯಿತು. ಮುಂದಿನ ದಶಕಗಳಲ್ಲಿ ಬ್ರಿಟನ್ನಿನ ವಾಹನಗಳ ಗಾಜಿನ ಮೂಲೆಯಲ್ಲಿ ಟ್ರಿಪ್ಲೆಕ್ಸ್ ಮುದ್ರೆ ಸಾಮಾನ್ಯ ದೃಶ್ಯವಾಯಿತು. ಆದರೆ ಆರಂಭದ ವರ್ಷಗಳಲ್ಲಿ ವಾಹನ ತಯಾರಕರು ಇದರ ಕಡೆಗೆ ತಿರುಗಿ ನೋಡಲಿಲ್ಲವೆಂದೇ ಹೇಳಬೇಕು. ಒಂದು ಹಾಳೆಯ ಬದಲು ಎರಡು ಹಾಳೆ ಗಾಜು, ನಡುವೆ ಸೆಲ್ಯುಲಾಯ್ಡ್, ಮೇಲೆ ಕೂಲಿ, ಇವೆಲ್ಲ ಸೇರಿ ಬೆಲೆ ಬಹಳ ಹೆಚ್ಚಾಗುತ್ತಿತ್ತು. ಕೊಳ್ಳುವವರು ಕೇಳದಿದ್ದಾಗ, ಕಾನೂನೂ ಒತ್ತಾಯಿಸದಿದ್ದಾಗ, ಚಾಲಕನ ಮುಖದ ರಕ್ಷಣೆಗಾಗಿ ಖರ್ಚು ಮಾಡಲು ತಯಾರಕರು ಮುಂದಾಗಲಿಲ್ಲ.

ಮೊದಲ ಮಹಾಯುದ್ಧ

1914ರಲ್ಲಿ ಆರಂಭವಾದ ಯುದ್ಧ ಪರಿಸ್ಥಿತಿಯನ್ನು ಬದಲಿಸಿತು. ವಿಷಾನಿಲ ದಾಳಿಗಳಿಂದ ರಕ್ಷಿಸಿಕೊಳ್ಳಲು ಸೈನಿಕರಿಗೆ ಮುಖವಾಡಗಳು ಬೇಕಾದವು. ಮುಖವಾಡದ ಕಣ್ಣಿನ ಭಾಗಕ್ಕೆ ಸಾಧಾರಣ ಗಾಜನ್ನು ಹಾಕಿದರೆ ಅದು ಒಡೆದಾಗ ಎರಡು ಕೇಡು: ಚೂರು ಕಣ್ಣಿಗೆ ಹೊಗುತ್ತದೆ, ಕಿಂಡಿಯಾಗಿ ಅನಿಲವೂ ಒಳಬರುತ್ತದೆ. ಬಿರುಕು ಬಿಟ್ಟರೂ ಜಾಗ ಬಿಡದ ಪದರಗಾಜು ಇಲ್ಲಿ ತಕ್ಕ ಉತ್ತರವಾಯಿತು. ವಿಮಾನ ಚಾಲಕರ ಕನ್ನಡಕಗಳಿಗೂ ಇದನ್ನು ಬಳಸಲಾಯಿತು. ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಅನುಭವವನ್ನು ಕಾರ್ಖಾನೆಗಳು ಪಡೆದದ್ದು ಈ ಬೇಡಿಕೆಯಿಂದ.

ಆರ್ಟ್ ಡೆಕೋ ವಿನ್ಯಾಸಗಳು

ಯುದ್ಧಾನಂತರ ಬೆನೆಡಿಕ್ಟಸ್ ಅವರ ಕಲಾ ಜೀವನ ಹೊಸ ಘಟ್ಟವನ್ನು ಪ್ರವೇಶಿಸಿತು. ಆರ್ಟ್ ನೂವೋದ ಬಳ್ಳಿಗಳು ಹಿಂದೆ ಸರಿದು ವೃತ್ತ, ಕೋನ, ಬೀಸಣಿಗೆ, ಕಾರಂಜಿಗಳ ಜ್ಯಾಮಿತೀಯ ರೂಪಗಳು ಇವರ ಕೃತಿಗಳಲ್ಲಿ ಕಾಣಿಸಿಕೊಂಡವು. ಬಟ್ಟೆ ಮತ್ತು ರತ್ನಗಂಬಳಿಗಳಿಗೆ ಇವರು ವಿನ್ಯಾಸಗಳನ್ನು ರಚಿಸಿದರು. ಬ್ರೂನೆ-ಮ್ಯೂನಿಯೆ ಕಂಪನಿ ಇವರ ವಿನ್ಯಾಸಗಳ ಬಟ್ಟೆಗಳನ್ನು ನೇಯಿಸಿ ಮಾರುತ್ತಿತ್ತು. 1925ರಲ್ಲಿ ಪ್ಯಾರಿಸ್‌ನಲ್ಲಿ ನಡೆದ, ಆರ್ಟ್ ಡೆಕೋ ಎಂಬ ಹೆಸರಿಗೇ ಕಾರಣವಾದ ಅಂತಾರಾಷ್ಟ್ರೀಯ ಅಲಂಕರಣ ಕಲಾ ಪ್ರದರ್ಶನದಲ್ಲಿ, ಫ್ರೆಂಚ್ ರಾಯಭಾರ ಕಚೇರಿಯ ಮಾದರಿಯಲ್ಲಿ ರಚಿಸಿದ್ದ ಮಂಟಪಕ್ಕಾಗಿ ಇವರ ಬಟ್ಟೆಗಳನ್ನು ಬಳಸಲಾಗಿತ್ತು. ಕಾರಂಜಿಗಳ ಚಿತ್ತಾರವುಳ್ಳ ಇವರ ಬಟ್ಟೆ ಆ ಕಾಲದ ಪ್ರಾತಿನಿಧಿಕ ಕೃತಿಗಳಲ್ಲಿ ಒಂದು.

ಇವರ ವಿನ್ಯಾಸಗಳ ಮೂರು ಸಂಪುಟಗಳು ಪ್ರಕಟವಾದವು. ವಾರಿಯಾಸ್ಯೋಂ ಮತ್ತು ನೂವೆಲ್ ವಾರಿಯಾಸ್ಯೋಂ 1920ರ ದಶಕದಲ್ಲಿ ಹೊರಬಂದರೆ, ರಲೆ ಎಂಬ ಕೊನೆಯ ಸಂಪುಟ 1930ರದು. ಇವುಗಳನ್ನು ಪೋಶ್ವಾರ್ ವಿಧಾನದಲ್ಲಿ ಮುದ್ರಿಸಲಾಗಿದೆ. ಪ್ರತಿಯೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚುಹಾಳೆ ಕತ್ತರಿಸಿ, ಕುಂಚದಿಂದ ಕೈಯಲ್ಲೇ ಬಣ್ಣ ತುಂಬುವ ಈ ವಿಧಾನ ಬಹಳ ಶ್ರಮದ್ದು. ಯಂತ್ರದ ಅಚ್ಚಿನಲ್ಲಿ ಸಿಗದ ಬಣ್ಣದ ಗಾಢತೆ ಇದರಿಂದ ಸಿಗುತ್ತದೆ. ಒಂದರ ಮೇಲೊಂದು ತೆಳು ಪದರಗಳನ್ನು ಜೋಡಿಸುವ ಕೌಶಲ ಇವರ ಎರಡು ಬದುಕುಗಳಲ್ಲಿಯೂ ಇರುವುದು ಗಮನಾರ್ಹ.

ವಾಹನಗಳಲ್ಲಿ ಬಳಕೆ ಮತ್ತು ಕೊನೆಯ ವರ್ಷಗಳು

1920ರ ದಶಕದಲ್ಲಿ ಮೇಲ್ಛಾವಣಿಯುಳ್ಳ ಮುಚ್ಚಿದ ವಾಹನಗಳು ಹೆಚ್ಚಿದವು. ಸುತ್ತಲೂ ಗಾಜಿರುವ ವಾಹನದಲ್ಲಿ ಗಾಯಗಳೂ ಹೆಚ್ಚಿದವು. ಅಮೆರಿಕದ ಫೋರ್ಡ್ ಕಂಪನಿ 1927ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಮಾಡೆಲ್ ಎ ಕಾರಿನ ಮುಂಗಾಜಿಗೆ ಪದರಗಾಜನ್ನು ಹೆಚ್ಚುವರಿ ಬೆಲೆಯಿಲ್ಲದೆ ಅಳವಡಿಸಿತು. ಸಿರಿವಂತರ ಕಾರುಗಳಲ್ಲಿ ಮಾತ್ರ ಕಾಣುತ್ತಿದ್ದ ವಸ್ತು ಹೀಗೆ ಮಧ್ಯಮ ವರ್ಗದ ಕಾರಿಗೆ ಬಂದಿತು. ಲಕ್ಷಗಟ್ಟಲೆ ತಯಾರಾಗುವ ವಾಹನದಲ್ಲಿ ಬಳಕೆಯಾದ ಮೇಲೆ ಇತರ ತಯಾರಕರಿಗೂ ಬೆಲೆಯ ನೆಪ ಹೇಳುವುದು ಕಷ್ಟವಾಯಿತು.

ಬೆನೆಡಿಕ್ಟಸ್ 1930ರ ಜನವರಿ 28ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಅವರಿಗೆ ಐವತ್ತೊಂದು ವರ್ಷ ವಯಸ್ಸಾಗಿತ್ತು. ಬ್ರಿಟನ್ ಮತ್ತಿತರ ದೇಶಗಳಲ್ಲಿ ಸುರಕ್ಷಾ ಗಾಜನ್ನು ಕಾನೂನು ಕಡ್ಡಾಯಗೊಳಿಸಿದ್ದು ನಂತರದ ಆ ದಶಕದಲ್ಲಿ.

ದೋಷಗಳು ಮತ್ತು ಸುಧಾರಣೆಗಳು

ಬೆನೆಡಿಕ್ಟಸ್ ಅವರ ಗಾಜಿನಲ್ಲಿ ದೊಡ್ಡ ಕೊರತೆಯೊಂದಿತ್ತು. ಸೆಲ್ಯುಲೋಸ್ ನೈಟ್ರೇಟ್ ಬಿಸಿಲಿಗೆ ಹಳದಿಯಾಗುತ್ತದೆ. ಅಂಚಿನಿಂದ ತೇವ ಒಳಹೊಕ್ಕರೆ ಅಂಟು ಬಿಟ್ಟು ಗುಳ್ಳೆಗಳೇಳುತ್ತವೆ. ಕೆಲವು ವರ್ಷಗಳ ಬಳಕೆಯ ನಂತರ ಚಾಲಕನಿಗೆ ರಸ್ತೆ ಮಸುಕಾಗಿ ಕಾಣುತ್ತಿತ್ತು. ಕಣ್ಣನ್ನು ಕಾಪಾಡಬೇಕಾದ ಗಾಜು ನೋಟವನ್ನೇ ಕೆಡಿಸುವಂತಾದದ್ದು ಸಣ್ಣ ದೋಷವೇನಲ್ಲ. ಗಾಜು ಒಡೆದಿರದಿದ್ದರೂ ಬಣ್ಣಗೆಟ್ಟಿದ್ದರೆ ತಪ್ಪೆಂದು ಇಂದಿನ ನಿಯಮಗಳೂ ಹೇಳುತ್ತವೆ.

1930ರ ದಶಕದಲ್ಲಿ ಮೊದಲು ಸೆಲ್ಯುಲೋಸ್ ಅಸಿಟೇಟ್, ಅನಂತರ ಪಾಲಿವಿನೈಲ್ ಬ್ಯುಟಿರಾಲ್ ಎಂಬ ರಾಳ ನಡುವಿನ ಪದರವಾಗಿ ಬಂದವು. ಎರಡನೆಯದು ಹಳದಿಯಾಗುವುದಿಲ್ಲ, ಗಾಜಿಗೆ ಬೇರೆ ಅಂಟಿಲ್ಲದೆ ಕಚ್ಚಿಕೊಳ್ಳುತ್ತದೆ, ಹರಿಯದೆ ಬಹಳಷ್ಟು ಹಿಗ್ಗುತ್ತದೆ. ಇಂದಿಗೂ ಬಳಕೆಯಲ್ಲಿರುವುದು ಅದೇ. ಆದರೂ ತೆಳುವಾದ ಪದರವನ್ನು ಪ್ರಯಾಣಿಕರ ತಲೆ ಭೇದಿಸಿಕೊಂಡು ಹೋಗಿ, ಒಡೆದ ಗಾಜಿನ ಅಂಚಿಗೆ ಮುಖ ಮತ್ತು ಕೊರಳು ಸಿಕ್ಕಿ ಗಾಯವಾಗುತ್ತಿದ್ದುದುಂಟು. ಆ ಕಾರಣ ಅಮೆರಿಕದಲ್ಲಿ 1960ರ ದಶಕದ ನಡುವೆ ಪದರದ ದಪ್ಪವನ್ನು ಸುಮಾರು 0.38 ಮಿಲಿಮೀಟರ್‌ನಿಂದ 0.76 ಮಿಲಿಮೀಟರ್‌ಗೆ, ಅಂದರೆ ಎರಡು ಪಟ್ಟಿಗೆ, ಏರಿಸಲಾಯಿತು.

ಇದರ ಜೊತೆಗೆ ಶಾಖಕೊಟ್ಟು ಬೇಗನೆ ತಣಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜು ಎಂಬ ಬೇರೊಂದು ಬಗೆಯೂ ವಾಹನಗಳಲ್ಲಿದೆ. ವಿದ್ಯಾರ್ಥಿಗಳು ಇವೆರಡನ್ನು ಒಂದೇ ಎಂದು ತಿಳಿಯುವುದುಂಟು. ಅಪಘಾತವಾದ ಸ್ಥಳದಲ್ಲಿ ಕಲ್ಲುಸಕ್ಕರೆಯ ಹರಳುಗಳಂತೆ ಚೆಲ್ಲಿರುವುದು ಪಕ್ಕದ ಬಾಗಿಲಿನ ಟಫನ್ಡ್ ಗಾಜು. ಜೇಡರ ಬಲೆಯಂತೆ ಬಿರುಕುಬಿಟ್ಟು ಚೌಕಟ್ಟಿನಲ್ಲೇ ನಿಂತಿರುವುದು ಮುಂಭಾಗದ ಪದರಗಾಜು. ಟಫನ್ಡ್ ಗಾಜು ಒಡೆದರೆ ಪೂರ್ತಿಯಾಗಿ ಪುಡಿಯಾಗುವುದರಿಂದ, ಓಡುತ್ತಿರುವ ವಾಹನದ ಚಾಲಕನಿಗೆ ಒಂದೇ ಕ್ಷಣದಲ್ಲಿ ಮುಂದಿನದೇನೂ ಕಾಣದಂತಾಗುವ ಭಯವಿದೆ.

ಸರಕು ವಾಹನಗಳ ನಿಯಮಗಳು

ಬೆನೆಡಿಕ್ಟಸ್ ಅವರ ಆವಿಷ್ಕಾರದಿಂದ ಹೊಸದೊಂದು ಪ್ರಶ್ನೆ ಹುಟ್ಟಿತು. ಹಿಂದಿನ ಗಾಜು ಒಂದೋ ಇರುತ್ತಿತ್ತು, ಇಲ್ಲವೇ ಒಡೆದು ಬೀಳುತ್ತಿತ್ತು. ಪದರಗಾಜು ಬಿರುಕು ಬಿಟ್ಟ ಮೇಲೂ ಜಾಗದಲ್ಲೇ ಇರುತ್ತದೆ. ಚಿಮ್ಮಿದ ಕಲ್ಲು ಸಾಮಾನ್ಯವಾಗಿ ಹೊರಗಿನ ಹಾಳೆಯನ್ನಷ್ಟೇ ಒಡೆಯುತ್ತದೆ. ಒಳಗಿನ ಹಾಳೆ ಮತ್ತು ನಡುವಿನ ಪದರ ಗಟ್ಟಿಯಾಗಿಯೇ ಇರುತ್ತವೆ. ಹಾಗಿದ್ದರೆ ಅಂತಹ ಗಾಜಿನೊಂದಿಗೆ ಲಾರಿಯನ್ನು ರಸ್ತೆಗೆ ಇಳಿಸಬಹುದೇ?

ಅಮೆರಿಕದಲ್ಲಿ ರಾಜ್ಯಗಳ ನಡುವೆ ಓಡುವ ವಾಣಿಜ್ಯ ವಾಹನಗಳಿಗೆ ಅನ್ವಯಿಸುವ ಒಕ್ಕೂಟ ಸರ್ಕಾರದ ನಿಯಮಾವಳಿಯ 393.60ನೆಯ ವಿಧಿ ಇದಕ್ಕೆ ಅಳತೆಗಳಲ್ಲಿ ಉತ್ತರಿಸುತ್ತದೆ. ಅದರಂತೆ ಸ್ಟೀರಿಂಗ್ ಚಕ್ರದ ಮೇಲ್ತುದಿಯ ಎತ್ತರದಿಂದ ಮೇಲಕ್ಕೆ ಗಾಜು ಹಾನಿಯಿಲ್ಲದೆ, ಬಣ್ಣಗೆಡದೆ ಇರಬೇಕು. ಮೇಲಂಚಿನ 51 ಮಿಲಿಮೀಟರ್ ಪಟ್ಟಿ ಮತ್ತು ಎರಡೂ ಪಕ್ಕಗಳ 25 ಮಿಲಿಮೀಟರ್ ಪಟ್ಟಿಗಳನ್ನು ಲೆಕ್ಕದಿಂದ ಬಿಡಲಾಗಿದೆ. ಈ ವಲಯದ ಒಳಗೂ ಕೆಲವು ರಿಯಾಯಿತಿಗಳಿವೆ. ಬೇರೆ ಬಿರುಕು ಬಂದು ಕೂಡದಿರುವ ಒಂಟಿ ಬಿರುಕಿಗೆ ಅವಕಾಶವಿದೆ. 19 ಮಿಲಿಮೀಟರ್ ವ್ಯಾಸದ ಬಿಲ್ಲೆಯಿಂದ ಮುಚ್ಚಬಹುದಾದಷ್ಟು ಚಿಕ್ಕ ಹಾನಿಗೂ ಅವಕಾಶವಿದೆ, ಆದರೆ ಅಂತಹುದೇ ಇನ್ನೊಂದು ಹಾನಿ 76 ಮಿಲಿಮೀಟರ್‌ಗಿಂತ ಹತ್ತಿರದಲ್ಲಿ ಇರಬಾರದು. ಗಾಜಿಗೆ ಬಣ್ಣದ ಛಾಯೆ ಇದ್ದರೆ ಕನಿಷ್ಠ ಶೇಕಡ 70ರಷ್ಟು ಬೆಳಕು ಹಾಯುವಂತಿರಬೇಕು. ವರ್ಷಕ್ಕೊಮ್ಮೆ ಕಡ್ಡಾಯವಾಗಿ ನಡೆಯುವ ವಾಹನ ತಪಾಸಣೆಯಲ್ಲಿ ಮುಂಗಾಜನ್ನೂ ನೋಡಲಾಗುತ್ತದೆ. ಒಂದಕ್ಕಿಂತ ಹೆಚ್ಚು ತುಂಡುಗಳಿಂದ ಕೂಡಿದ ಮುಂಗಾಜನ್ನೂ ಈ ವಿಧಿ ಪ್ರತ್ಯೇಕವಾಗಿ ಹೆಸರಿಸುತ್ತದೆ. ಚಪ್ಪಟೆ ಗಾಜಿನ ಎರಡು ತುಂಡುಗಳನ್ನು ಜೋಡಿಸಿದ ಲಾರಿಗಳು ಹಿಂದೆ ಹೆಚ್ಚಾಗಿದ್ದವು.

ಈ ಅಳತೆಗಳು ಮೇಲುನೋಟಕ್ಕೆ ಕೇವಲ ಕಚೇರಿಯ ಲೆಕ್ಕಾಚಾರದಂತೆ ಕಂಡಾವು. ಗಾಜಿನ ರಚನೆಯನ್ನು ನೆನೆದರೆ ಅವು ಅರ್ಥವಾಗುತ್ತವೆ. ಒಂಟಿ ಬಿರುಕಿನ ಎರಡೂ ಬದಿಗಳನ್ನು ನಡುವಿನ ಪದರ ಹಿಡಿದಿರುತ್ತದೆ. ಬಿರುಕುಗಳು ಒಂದನ್ನೊಂದು ಕತ್ತರಿಸಿದರೆ ನಡುವೆ ಸಣ್ಣ ಹೋಳುಗಳು ಬೇರ್ಪಟ್ಟು ಉದುರಬಹುದು. ಕತ್ತರಿಸಿದ ಜಾಗದಲ್ಲಿ ಬೆಳಕೂ ಹಲವು ದಿಕ್ಕಿಗೆ ಚೆದುರುತ್ತದೆ. ಹಗಲಿನಲ್ಲಿ ಚಾಲಕ ಗಮನಿಸದ ನಕ್ಷತ್ರಾಕಾರದ ಬಿರುಕು ರಾತ್ರಿ ಎದುರಿನ ವಾಹನದ ದೀಪ ಬಿದ್ದಾಗ ಕಣ್ಣು ಕುಕ್ಕುವ ಬೆಳಕಿನ ಚೆಂಡಾಗುತ್ತದೆ. ಅದರ ಹಿಂದೆ ರಸ್ತೆ ದಾಟುತ್ತಿರುವ ಮನುಷ್ಯನೊಬ್ಬ ಮರೆಯಾಗಿಬಿಡಬಹುದು. ಭಾರ ಹೊತ್ತ ಲಾರಿಗೆ ನಿಲ್ಲಲು ಹೆಚ್ಚು ದೂರ ಬೇಕಾದ್ದರಿಂದ ಅರೆಕ್ಷಣದ ಮರೆಯೂ ದುಬಾರಿಯಾಗುತ್ತದೆ.

ಬಿರುಕು ಇದ್ದಲ್ಲಿಯೇ ಇರುವುದೂ ಇಲ್ಲ. ಬಿಸಿಲಿನಲ್ಲಿ ಕಾದ ಗಾಜಿಗೆ ತಣ್ಣೀರು ಎರಚಿದರೆ, ಚಳಿಯಲ್ಲಿ ಒಳಗಿನಿಂದ ಬಿಸಿಗಾಳಿ ಹಾಯಿಸಿದರೆ, ಹಾಳಾದ ರಸ್ತೆಯಲ್ಲಿ ಚಾಸಿ ತಿರುಚಿಕೊಂಡರೆ ಅದು ಬೆಳೆಯುತ್ತದೆ. ಲಾರಿಯ ಮುಂಗಾಜು ದೊಡ್ಡದು, ನೆಟ್ಟಗೆ ನಿಂತಿರುವಂತಹುದು. ವಾಹನದ ನಡುಕವೂ ಹೆಚ್ಚು. ಚಿಕ್ಕ ಗುಂಡಿಯಂತಹ ಹಾನಿಯಾದಾಗ ಅದಕ್ಕೆ ತಿಳಿರಾಳವನ್ನು ತುಂಬಿ, ನೇರಳಾತೀತ ಬೆಳಕಿನಿಂದ ಗಟ್ಟಿಗೊಳಿಸಿ ಸರಿಪಡಿಸುವ ಕ್ರಮವಿದೆ. ಹಾನಿ ಹೊರಗಿನ ಹಾಳೆಗೆ ಸೀಮಿತವಾಗಿದ್ದು, ದೂಳು ಮತ್ತು ನೀರು ಇಳಿಯುವ ಮೊದಲೇ ಮಾಡಿದರೆ ಮಾತ್ರ ಅದು ಫಲಕಾರಿ. ನಡುವಿನ ಪದರದವರೆಗೆ ಪೆಟ್ಟು ತಗಲಿದ್ದರೆ ಗಾಜನ್ನು ಬದಲಿಸುವುದೊಂದೇ ದಾರಿ.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ವಾಹನಗಳ ಗಾಜು ಸುರಕ್ಷಾ ಗಾಜಾಗಿರಬೇಕೆಂದೂ ಮುಂಗಾಜು ಪದರಗಾಜೇ ಆಗಿರಬೇಕೆಂದೂ ವಿಧಿಸುತ್ತದೆ. ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ಕನಿಷ್ಠ ಶೇಕಡ 70, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇಕಡ 50ರಷ್ಟು ಬೆಳಕು ಹಾಯಬೇಕು. ಗಾಜಿನ ಮೇಲೆ ಕಪ್ಪು ಫಿಲ್ಮ್ ಅಂಟಿಸುವುದರ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಎಫ್.ಸಿ. ಎಂದು ಜನರು ಕರೆಯುವ ಅರ್ಹತಾ ಪ್ರಮಾಣಪತ್ರಕ್ಕಾಗಿ ಸಾರಿಗೆ ವಾಹನಗಳನ್ನು ಪರೀಕ್ಷಿಸುವಾಗ ನೋಡಬೇಕಾದ ಅಂಶಗಳಲ್ಲಿ ಸುರಕ್ಷಾ ಗಾಜು ಮತ್ತು ವೈಪರ್ ಎರಡೂ ಇವೆ. ನಮ್ಮ ಹೆದ್ದಾರಿಗಳ ಲಾರಿಗಳಲ್ಲಿ ಮುಂಗಾಜಿನ ಮೇಲ್ಭಾಗಕ್ಕೆ ದೇವರ ಹೆಸರು, ಮಾಲೀಕರ ಹೆಸರು ಬರೆಸುವುದು, ಒಳಗೆ ಹಾರ, ಗೊಂಡೆಗಳನ್ನು ತೂಗುಹಾಕುವುದು ರೂಢಿಯಲ್ಲಿದೆ. ನೋಟಕ್ಕೆ ಅಡ್ಡಿಯಾಗುವಷ್ಟರ ಮಟ್ಟಿಗೆ ಅವು ಬಿರುಕಿಗಿಂತ ಬೇರೆಯಲ್ಲ.

ಕಲಾಕೃತಿಗಳ ಪುನರಾವಿಷ್ಕಾರ

ಬೆನೆಡಿಕ್ಟಸ್ ಅವರ ಮರಣದ ನಂತರ ಅವರ ವಿನ್ಯಾಸಗಳು ಕೆಲವು ದಶಕಗಳ ಕಾಲ ಮರೆವಿಗೆ ಸಂದಿದ್ದವು. ಆರ್ಟ್ ಡೆಕೋ ಶೈಲಿಯಲ್ಲಿ ಮತ್ತೆ ಆಸಕ್ತಿ ಮೂಡಿದಾಗ ಅವರ ಸಂಪುಟಗಳನ್ನು ಸಂಗ್ರಾಹಕರು ಹುಡುಕತೊಡಗಿದರು. 1980ರಲ್ಲಿ ಅಮೆರಿಕದ ಡೋವರ್ ಪ್ರಕಾಶನವು ಈ ವಿನ್ಯಾಸಗಳ ಬಣ್ಣದ ಮರುಮುದ್ರಣವನ್ನು ಹೊರತಂದಿತು. ಅವರ ಬಟ್ಟೆಗಳ ಮಾದರಿಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿವೆ.